ಶ್ರೀರಂಗಪಟ್ಟಣ ದ್ವೀಪದ ಆಡಳಿತ (1799–1881)

1799ರಿಂದ 1881ರವರೆಗೆ ಶ್ರೀರಂಗಪಟ್ಟಣ ದ್ವೀಪವು ಮೈಸೂರು ಸಂಸ್ಥಾನದ ನಡುವೆಯೇ ಇದ್ದರೂ ಬ್ರಿಟಿಷರ ಒಡೆತನಕ್ಕೆ ಒಳಪಟ್ಟಿತ್ತು. ಕಾವೇರಿಯ ಎರಡು ಕವಲುಗಳ ನಡುವಿನ ಈ ದ್ವೀಪದ ಪಶ್ಚಿಮ ತುದಿಯಲ್ಲಿ ಕೋಟೆಯೂ ಪೂರ್ವ ಭಾಗದಲ್ಲಿ ಗಂಜಾಂ ಪೇಟೆಯೂ ಇವೆ.

ಹಿನ್ನೆಲೆ

1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡು ರಾಜಧಾನಿಯನ್ನಾಗಿ ಮಾಡಿಕೊಂಡರು. ಒಡೆಯರ ನವರಾತ್ರಿ ಉತ್ಸವ ಆರಂಭವಾದದ್ದು ಇಲ್ಲಿಯೇ. ಟಿಪ್ಪು ಸುಲ್ತಾನನು ಶಿರಾದ ಕುಟುಂಬಗಳನ್ನು ಕರೆತಂದು ಗಂಜಾಂನಲ್ಲಿ ನೆಲೆಗೊಳಿಸಿದನು.

ಒಪ್ಪಂದಗಳು

1799ರ ಮೇ 4ರಂದು ಕೋಟೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಟಿಪ್ಪು ಯುದ್ಧದಲ್ಲಿ ಮಡಿದನು. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ ಕಟ್ಟಲಾಯಿತು. ಟಿಪ್ಪುವಿನ ಆಡಳಿತದಲ್ಲಿದ್ದ ಪೂರ್ಣಯ್ಯ ದಿವಾನರಾದರು. ಸಹಾಯಕ ಸೈನ್ಯ ಪದ್ಧತಿಯ ಒಪ್ಪಂದದಂತೆ ಸಂಸ್ಥಾನವು ವರ್ಷಕ್ಕೆ 7 ಲಕ್ಷ ವರಹ ಪಾವತಿಸಬೇಕಿತ್ತು. ಕಂಪನಿಗೆ ತಿಳಿಸದೆ ಹೊರರಾಜ್ಯಗಳೊಡನೆ ವ್ಯವಹರಿಸುವಂತಿರಲಿಲ್ಲ. ದ್ವೀಪವನ್ನು ಕಂಪನಿ ತನ್ನಲ್ಲೇ ಉಳಿಸಿಕೊಂಡಿತು. ರಾಜಧಾನಿಯೂ ದಸರೆಯೂ ಮೈಸೂರಿಗೆ ಸ್ಥಳಾಂತರಗೊಂಡವು.

ಪರಿಣಾಮಗಳು

ಹೀಗೆ ಒಡೆಯರ ಹಳೆಯ ರಾಜಧಾನಿಯೂ ರಂಗನಾಥಸ್ವಾಮಿ ದೇವಾಲಯವೂ ಪರರ ಒಡೆತನದ ನೆಲಕ್ಕೆ ಸೇರಿದವು. ಭಾಷೆ, ಆರಾಧನೆ, ಬಂಧುತ್ವಗಳಲ್ಲಿ ದ್ವೀಪದ ಜನರಿಗೂ ನದಿಯಾಚೆಯ ಹಳ್ಳಿಗಳ ಜನರಿಗೂ ಭೇದವಿರಲಿಲ್ಲ. ಬೇರೆಯಾದದ್ದು ಒಡೆತನ ಮಾತ್ರ. ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಕಾವೇರಿಗೆ ಕಟ್ಟಿದ ಕಲ್ಲಿನ ಸೇತುವೆಗೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರನ್ನಿಡಲಾಯಿತು. ಚಿಕ್ಕ ಸಂಸ್ಥಾನವು ಪ್ರಬಲ ನೆರೆಯೊಡನೆ ಹೊಂದಿಕೊಂಡ ಬಗೆಗೆ ಇದೊಂದು ನಿದರ್ಶನ.

1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್, ಕೋಟೆಯಲ್ಲಿ 4,163 ಹಾಗೂ ಗಂಜಾಂನಲ್ಲಿ 2,216 ಮನೆಗಳಿದ್ದುದನ್ನು ದಾಖಲಿಸಿ, ಒಟ್ಟು ಜನಸಂಖ್ಯೆಯನ್ನು 31,895 ಎಂದು ಅಂದಾಜಿಸಿದನು. ಅರಮನೆ ಹಾಗೂ ಸೈನ್ಯವನ್ನು ಅವಲಂಬಿಸಿದ್ದ ಕಸುಬುಗಳು ಕ್ಷೀಣಿಸಿದವು. ಜ್ವರದ ಬಾಧೆಯಿಂದ ಬ್ರಿಟಿಷ್ ಸೇನಾ ನೆಲೆಯು ಬೆಂಗಳೂರಿಗೆ ಸ್ಥಳಾಂತರಗೊಂಡ ಮೇಲೆ ಪಟ್ಟಣ ಮತ್ತಷ್ಟು ಸೊರಗಿತು. ದ್ವೀಪವನ್ನು ವರ್ಷಕ್ಕೆ 50,000 ರೂಪಾಯಿ ನಿಗದಿತ ಮೊತ್ತಕ್ಕೆ ಮೈಸೂರಿಗೇ ಗುತ್ತಿಗೆ ನೀಡಲಾಗಿತ್ತು. ತನ್ನ ಹಿಂದಿನ ರಾಜಧಾನಿಗೆ ಸಂಸ್ಥಾನವೇ ಗುತ್ತಿಗೆ ಹಣ ತೆರಬೇಕಾಯಿತು.

ಹಿಂದಿರುಗಿಸಿದ್ದು

1831ರಿಂದ ಕಮಿಷನರುಗಳ ಆಳ್ವಿಕೆಯಲ್ಲಿದ್ದ ಸಂಸ್ಥಾನವನ್ನು 1881ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಮರಳಿಸಲಾಯಿತು. ಆಗ ದ್ವೀಪವೂ ಮೈಸೂರಿಗೆ ಸೇರಿತು. ಅದಕ್ಕೆ ಬದಲಾಗಿ ಬೆಂಗಳೂರಿನ ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ ಪ್ರದೇಶ ಬ್ರಿಟಿಷರಿಗೆ ಹೋಯಿತು. ಆ ಪ್ರದೇಶ ಸಂಸ್ಥಾನಕ್ಕೆ ಮರಳಿದ್ದು 1947ರಲ್ಲಿ.

ಇಂದಿನ ಸ್ಥಿತಿ

ಶ್ರೀರಂಗಪಟ್ಟಣವು 1939ರಲ್ಲಿ ರಚನೆಯಾದ ಮಂಡ್ಯ ಜಿಲ್ಲೆಯ ತಾಲ್ಲೂಕು ಕೇಂದ್ರವಾಗಿದೆ. ಗಂಜಾಂನ ನಿಮಿಷಾಂಬಾ ದೇವಾಲಯ ಹಾಗೂ ಹೈದರ್, ಟಿಪ್ಪುವಿನ ಸಮಾಧಿಯಿರುವ ಗುಂಬಜ್ ಪ್ರಮುಖ ಸಂದರ್ಶನೀಯ ಸ್ಥಳಗಳು. ಮೈಸೂರಿನ ಜೊತೆಗೆ ಇಲ್ಲಿಯೂ ದಸರಾ ಉತ್ಸವ ನಡೆಯುತ್ತದೆ.