‘ಟ್ರಾಡಿಟರ್’ ಎಂಬ ಪದದ ಚಾರಿತ್ರಿಕ ಹಿನ್ನೆಲೆ

ಕ್ರೈಸ್ತಸಭೆಯ ಚರಿತ್ರೆಯನ್ನು ಅಭ್ಯಸಿಸುವವರಿಗೆ ಎದುರಾಗುವ ಪಾರಿಭಾಷಿಕ ಪದಗಳಲ್ಲಿ ‘ಟ್ರಾಡಿಟರ್’ ಎಂಬುದೂ ಒಂದು. ‘ಒಪ್ಪಿಸು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಇದು ನಿಷ್ಪನ್ನವಾಗಿದೆ. ಸಂಪ್ರದಾಯವೆಂಬರ್ಥದ ‘ಟ್ರಾಡಿಷಿಯೊ’ ಪದಕ್ಕೂ ಅದೇ ಮೂಲ. ಗ್ರಂಥವನ್ನು ಶಿಷ್ಯನಿಗೊಪ್ಪಿಸಿದರೆ ಸಂಪ್ರದಾಯ. ಅದನ್ನು ಸುಡಬಂದ ಅಧಿಕಾರಿಗೊಪ್ಪಿಸಿದರೆ ದ್ರೋಹ.

ಕ್ರಿ.ಶ. 303ರಲ್ಲಿ ರೋಮನ್ ಚಕ್ರವರ್ತಿ ಡಯೊಕ್ಲೀಷಿಯನನು ಕ್ರೈಸ್ತರ ಧರ್ಮಗ್ರಂಥಗಳನ್ನು ಸುಡಬೇಕೆಂದು ಆಜ್ಞಾಪಿಸಿದನು. ಉತ್ತರ ಆಫ್ರಿಕದಲ್ಲಿ ಕೆಲವರು ಭಯದಿಂದ ಗ್ರಂಥಗಳನ್ನೊಪ್ಪಿಸಿದರು. ಕೆಲವರು ಒಪ್ಪದೆ ಮಡಿದರು. ಹಿಂಸೆ ಅಡಗಿದ ಮೇಲೆ, ಕಾರ್ಥೇಜಿನ ಬಿಷಪ್ ಕೆಸಿಲಿಯನನಿಗೆ ದೀಕ್ಷೆಯಿತ್ತ ಫೆಲಿಕ್ಸನು ಟ್ರಾಡಿಟರ್ ಎಂಬ ಆರೋಪ ಹುಟ್ಟಿತು. ಅಂತಹವನಿತ್ತ ದೀಕ್ಷೆ ಸಿಂಧುವೇ? ಅಲ್ಲವೆಂದವರು ಮುಂದೆ ತಮ್ಮ ನಾಯಕ ಡೊನಾಟಸನ ಹೆಸರಿನಿಂದ ಡೊನಾಟಿಸ್ಟರೆನಿಸಿದರು.

314ರಲ್ಲಿ ಆರ್ಲ್ ನಗರದಲ್ಲಿ ನೆರೆದ ಬಿಷಪ್ಪರು ಎರಡು ಮಾತುಗಳನ್ನು ನಿರ್ಣಯಿಸಿದರು: ಆರೋಪವು ಸರ್ಕಾರಿ ದಾಖಲೆಗಳಿಂದ ಸಿದ್ಧವಾಗಬೇಕು, ಬರಿಯ ಬಾಯಿಮಾತು ಸಾಲದು, ಟ್ರಾಡಿಟರನು ಪದಚ್ಯುತನಾದರೂ ಅವನಿತ್ತ ದೀಕ್ಷೆ ಕೆಡುವುದಿಲ್ಲ. ವಿಚಾರಣೆಯಲ್ಲಿ ಫೆಲಿಕ್ಸನು ನಿರ್ದೋಷಿಯೆಂದು ತೀರ್ಮಾನವಾಯಿತು. ಆದರೂ ಒಡಕು ಮಾಯಲಿಲ್ಲ. ಸಂಸ್ಕಾರವು ಕ್ರಿಸ್ತನದು, ನೆರವೇರಿಸುವವನದಲ್ಲವೆಂದು ಹಿಪ್ಪೋವಿನ ಬಿಷಪ್ ಅಗಸ್ಟೀನನು ವಾದಿಸಿದನು. 411ರಲ್ಲಿ ಕಾರ್ಥೇಜಿನಲ್ಲಿ ಉಭಯಪಕ್ಷಗಳ ಬಿಷಪ್ಪರನ್ನು ಸೇರಿಸಿ ವಿಚಾರಿಸಿದ ಚಕ್ರವರ್ತಿಯ ಪ್ರತಿನಿಧಿ ಮಾರ್ಸೆಲೀನನು ಡೊನಾಟಿಸ್ಟರ ವಿರುದ್ಧ ತೀರ್ಪಿತ್ತನು.

ಈ ಪದವನ್ನು ಕೇವಲ ಬೈಗುಳವೆಂದು ಭಾವಿಸುವುದು ಉಚಿತವಲ್ಲವೆಂದು ನಮ್ಮ ಅಭಿಪ್ರಾಯ. ಪೀಠದ ಪಾವಿತ್ರ್ಯವು ಪೀಠಸ್ಥನ ನಡತೆಯನ್ನು ಅವಲಂಬಿಸಿದೆಯೆ ಎಂಬ ಗುರುತರ ಪ್ರಶ್ನೆ ಅದರಲ್ಲಿ ಅಡಗಿದೆ. ಸಭೆಯು ಅಲ್ಲವೆಂದು ಉತ್ತರಿಸಿತು. ಗ್ರಂಥಕ್ಕಾಗಿ ಬಂಧುಗಳನ್ನು ಕಳೆದುಕೊಂಡವರಿಗೆ ಆ ಉತ್ತರವು ಸುಲಭವಾಗಿ ಒಪ್ಪಿಗೆಯಾಗದಿದ್ದುದು ಸಹಜವೇ ಆಗಿದೆ.