ದುಡಿಯುವವನ ಊರು ಯಾವುದು?

ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದ ಬಳಿ ಕಟ್ಟಿಸಿದ ಗಂಜಾಂ ಪೇಟೆಗೆ ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಸಾಗಿಸಿದನೆಂದು ಬ್ರಿಟಿಷರ ಕಾಲದ ಗೆಜೆಟಿಯರ್ ಹೇಳುತ್ತದೆ. ಈ ದುಂಡು ಸಂಖ್ಯೆಯನ್ನು ಅಕ್ಷರಶಃ ನಂಬಬೇಕಾಗಿಲ್ಲ. ಟಿಪ್ಪುವಿನ ಬಗ್ಗೆ ಅವನ ವೈರಿಗಳು ಬರೆದ ಲೆಕ್ಕವನ್ನು ಎಚ್ಚರದಿಂದಲೇ ಓದಬೇಕು. ಆದರೆ ಈ ಸೀಮೆಯ ಜನ ಊರು ಬಿಡುವುದು ಹೊಸತಲ್ಲ. ಹಾಗೆ ಬಿಟ್ಟವರನ್ನು ಎಲ್ಲಿಯವರೆಂದು ಬರೆದುಕೊಳ್ಳಬೇಕು ಎಂಬ ಪ್ರಶ್ನೆಯೂ ಹಳೆಯದೇ.

ಮೈಸೂರು ಸಂಸ್ಥಾನದಲ್ಲಿ 1871ರ ಗಣತಿಗೆ ಸಿಕ್ಕವರು 50 ಲಕ್ಷಕ್ಕೂ ಹೆಚ್ಚು. ಭೀಕರ ಬರ ಕಳೆದ ಮೇಲೆ, 1881ರಲ್ಲಿ ಸಿಕ್ಕವರು ಸುಮಾರು 42 ಲಕ್ಷ. ಅಂದಿನ ಕ್ರಮ ಸರಳ: ಗೊತ್ತುಪಡಿಸಿದ ರಾತ್ರಿ ಯಾರು ಎಲ್ಲಿದ್ದರೋ ಅಲ್ಲಿಯೇ ಅವರ ಲೆಕ್ಕ. ಛತ್ರದಲ್ಲಿ ಮಲಗಿದವನು ಛತ್ರದ ಲೆಕ್ಕಕ್ಕೆ ಸೇರಿದ.

ಸ್ವತಂತ್ರ ಭಾರತ ಬೇರೆ ದಾರಿ ಹಿಡಿಯಿತು. ಮಹಾಲನೋಬಿಸ್ ಅವರ ನೇತೃತ್ವದಲ್ಲಿ 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆ ಎಲ್ಲರನ್ನೂ ಎಣಿಸದೆ, ಆಯ್ದ ಮನೆಗಳನ್ನು ಮಾತ್ರ ವಿಚಾರಿಸಿತು. ದಾಂತ್‌ವಾಲಾ ಸಮಿತಿಯ 1970ರ ಶಿಫಾರಸುಗಳ ಆಧಾರದಲ್ಲಿ 1972-73ರಿಂದ ಉದ್ಯೋಗದ ದೊಡ್ಡ ಸಮೀಕ್ಷೆಗಳು ನಡೆದವು. 2017ರಿಂದ ಅವುಗಳ ಜಾಗಕ್ಕೆ ನಿಯತಕಾಲಿಕ ಶ್ರಮಶಕ್ತಿ ಸಮೀಕ್ಷೆ ಬಂತು. ಇಲ್ಲಿ ಕುಟುಂಬವೆಂದರೆ ಸಾಮಾನ್ಯವಾಗಿ ಒಟ್ಟಿಗೆ ವಾಸಿಸಿ ಒಂದೇ ಅಡುಗೆಮನೆಯಲ್ಲಿ ಉಣ್ಣುವವರು. ಆರು ತಿಂಗಳಿಗಿಂತ ಕಡಿಮೆ ಕಾಲ ಹೊರಗಿರುವವನು ಆ ಮನೆಯವನೇ. ಅಷ್ಟೇ ಕಾಲ ಬಂದು ತಂಗಿದವನು ಅತಿಥಿ.

ಶಿರಾ ತಾಲ್ಲೂಕಿನ ಬರಗೂರನ್ನೇ ನೋಡಿ. ಮಳೆ ನಂಬಿ ಕಡಲೆಕಾಯಿ ಬಿತ್ತುವ ಸೀಮೆಯಿದು. ಫಸಲು ಕೈಕೊಟ್ಟ ವರ್ಷ ಒಬ್ಬ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿ ನಾಲ್ಕು ತಿಂಗಳು ಇರುತ್ತಾನೆ ಎನ್ನೋಣ. ಸಮೀಕ್ಷೆಯವರು ಬರಗೂರಿನ ಮನೆಗೆ ಬಂದರೆ ತಾಯಿಯೋ ಹೆಂಡತಿಯೋ ಅವನ ಪರವಾಗಿ ಉತ್ತರಿಸಬೇಕು. ದಿನಕ್ಕೆ ಎಷ್ಟು ಗಂಟೆ ದುಡಿದ, ಕೂಲಿ ಎಷ್ಟು ಸಿಕ್ಕಿತು ಎಂಬುದು ಅವರಿಗೇನು ಗೊತ್ತು? ಅವನು ಬೆಂಗಳೂರಿನಲ್ಲಿ ಎತ್ತಿದ ಇಟ್ಟಿಗೆ ಗ್ರಾಮೀಣ ಕರ್ನಾಟಕದ ಉದ್ಯೋಗವಾಗಿ ದಾಖಲಾಗುತ್ತದೆ. ಮನೆಮಂದಿಯೆಲ್ಲ ಹೊರಟಿದ್ದರೆ ಬೀಗ ಉತ್ತರ ಕೊಡುವುದಿಲ್ಲ. ಬೆಂಗಳೂರಿನಲ್ಲಾದರೂ ಸಿಗುತ್ತಾನೆಯೇ? ರಸ್ತೆ ಬದಿಯಲ್ಲಾಗಲಿ ಸೇತುವೆಯ ಕೆಳಗಾಗಲಿ ಹೆಚ್ಚುಕಡಿಮೆ ಕಾಯಂ ಆಗಿ ಒಂದೇ ಕಡೆ ಇರುವವರನ್ನು ಪಟ್ಟಿಗೆ ಸೇರಿಸಬೇಕೆಂಬ ಸೂಚನೆಯೇನೋ ಇದೆ. ನೆಲೆಯೇ ಇಲ್ಲದೆ ಅಲೆಯುವವರನ್ನು ಮಾತ್ರ ಅದೇ ಸೂಚನೆ ಹೊರಗಿಡುತ್ತದೆ. ಕಟ್ಟಡದಿಂದ ಕಟ್ಟಡಕ್ಕೆ ಶೆಡ್ ಬದಲಿಸುವವನು ಇದರಲ್ಲಿ ಯಾವ ಗುಂಪಿನವನು?

ಸಮೀಕ್ಷೆ ನಡೆಸುವವರಿಗೆ ಈ ತೊಡಕು ತಿಳಿಯದೇನಲ್ಲ. 1999-2000ದಲ್ಲಿ 60 ದಿನಕ್ಕೂ ಮೇಲ್ಪಟ್ಟು ಕೆಲಸಕ್ಕೆ ಹೋದವರನ್ನು ಪ್ರತ್ಯೇಕವಾಗಿ ಕೇಳಿದರು. 2007-08ರಲ್ಲಿ ಆ ಮಿತಿಯನ್ನು ಒಂದು ತಿಂಗಳಿಗೆ ಇಳಿಸಿದರು. ಮಿತಿ ಬದಲಾದಾಗ ವಲಸಿಗರ ಸಂಖ್ಯೆಯೂ ಬದಲಾಗುತ್ತದೆ, ಜನ ಮಾತ್ರ ಅವರೇ.

ಇದು ಬರೀ ಅಂಕಿಗಳ ಜಗಳವಲ್ಲ. ಸಾಚಾರ್ ಸಮಿತಿ 2006ರ ತನ್ನ ವರದಿಯಲ್ಲಿ ಮುಸ್ಲಿಮರ ಉದ್ಯೋಗ ಸ್ಥಿತಿಯನ್ನು ಅಳೆಯಲು ಬಳಸಿದ್ದು 2004-05ರ ಇಂಥದೇ ಸಮೀಕ್ಷೆಯನ್ನು. ಸಮೀಕ್ಷೆಗೆ ಸಿಗದವರ ಬಡತನ ಯಾವ ಸಮಿತಿಯ ಕಣ್ಣಿಗೂ ಬೀಳುವುದಿಲ್ಲ, ಅವರು ಯಾವ ಧರ್ಮ, ಜಾತಿಯವರೇ ಆಗಿರಲಿ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಲಕ್ಷಾಂತರ ಕಾರ್ಮಿಕರು ಊರಿನ ದಾರಿ ಹಿಡಿದರು. ದಾರಿಯಲ್ಲಿ ಸತ್ತ ವಲಸಿಗರ ಅಂಕಿ ಅಂಶ ತನ್ನಲ್ಲಿಲ್ಲವೆಂದು ಅದೇ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಲೋಕಸಭೆಗೆ ತಿಳಿಸಿತು.

2020-21ರ ಸಮೀಕ್ಷೆಯಲ್ಲಿ ‘ಅತಿಥಿ’ಗೂ ಒಂದು ಅಂಕಣ ಸಿಕ್ಕಿತು. 2020ರ ಮಾರ್ಚಿನ ನಂತರ ಬಂದು, 15 ದಿನಗಳಿಂದ ಆರು ತಿಂಗಳೊಳಗೆ ತಂಗಿದವರನ್ನು ಅದರಲ್ಲಿ ಬರೆದುಕೊಂಡರು. ಅವರು ಜನಸಂಖ್ಯೆಯ ಶೇ. 0.7ರಷ್ಟು ಎಂದಿತು 2022ರ ವರದಿ. ಆ ಸಮೀಕ್ಷೆ ಆರಂಭವಾದದ್ದು ಜುಲೈಯಲ್ಲಿ. ಅಷ್ಟರೊಳಗೆ ಎಷ್ಟೋ ಮಂದಿ ಮತ್ತೆ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿದ್ದರು.