ಕಾಲೇಜು ತಂಡಗಳು ಬಳಗ ಬದಲಿಸೋದು ಯಾಕೆ? ಅಮೆರಿಕದ ಫುಟ್‌ಬಾಲ್‌ನಿಂದ ಹಾವೇರಿಯ ಕಬಡ್ಡಿವರೆಗೆ

ಹೊಸರಿತ್ತಿಯಿಂದ ಬೆಳಗಿನ ಬಸ್ ಹಿಡಿದು ಹಾವೇರಿಗೆ ಡಿಗ್ರಿ ಓದೋಕೆ ಹೋಗುವ ಒಬ್ಬ ಹುಡುಗ ಇದ್ದಾನೆ ಅಂದ್ಕೊಳ್ಳಿ. ಕಬಡ್ಡಿಯಲ್ಲಿ ಒಳ್ಳೆ ರೈಡರ್. ಅವನ ಅಣ್ಣ ಅದೇ ಕಾಲೇಜಿನಲ್ಲಿದ್ದಾಗ ಅಂತರ ಕಾಲೇಜು ಟೂರ್ನಿ ಅಂದ್ರೆ ಧಾರವಾಡ, ಗದಗ, ಕಾರವಾರ, ಶಿರಸಿಯ ಕಾಲೇಜುಗಳ ಎದುರು ಆಟ. ತಮ್ಮನಿಗೆ ಎದುರಾಳಿಗಳು ರಾಣೆಬೆನ್ನೂರು, ಬ್ಯಾಡಗಿ, ಹಿರೇಕೆರೂರಿನವರು. ಕಾಲೇಜು ಅದೇ, ಮೈದಾನವೂ ಅದೇ. ಬದಲಾಗಿದ್ದು ವಿಶ್ವವಿದ್ಯಾಲಯ ಮಾತ್ರ. ಅಣ್ಣ ಕರ್ನಾಟಕ ವಿಶ್ವವಿದ್ಯಾಲಯದವನು, ತಮ್ಮ ಹಾವೇರಿ ವಿಶ್ವವಿದ್ಯಾಲಯದವನು.

ಅಮೆರಿಕದಲ್ಲಿ ಇಂಥದ್ದೇ ಬದಲಾವಣೆ ಸಾವಿರಾರು ಕೋಟಿ ರೂಪಾಯಿಯ ಸುದ್ದಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ: ತಂಡ ಯಾರ ಜೊತೆ ಆಡಬೇಕು ಅನ್ನೋದನ್ನ ಆಟಗಾರ ಎಲ್ಲಿಯೂ ತೀರ್ಮಾನಿಸಲ್ಲ.

ಅಮೆರಿಕದ 'ಕಾನ್ಫರೆನ್ಸ್' ಅಂದ್ರೆ ಏನು?

ಅಲ್ಲಿನ ಫುಟ್‌ಬಾಲ್ ನಮ್ಮದಲ್ಲ. ಕಾಲಿಗಿಂತ ಕೈಯಲ್ಲೇ ಹೆಚ್ಚು ಆಡುವ, ಮೈಮೇಲೆ ಬೀಳುವ ಆಟ. ವಿಶ್ವವಿದ್ಯಾಲಯಗಳು ಸೇರಿ ಮಾಡಿಕೊಂಡ ಬಳಗಕ್ಕೆ ಕಾನ್ಫರೆನ್ಸ್ ಅಂತಾರೆ. ಪ್ರತಿವರ್ಷದ ಹೆಚ್ಚಿನ ಪಂದ್ಯಗಳು ಬಳಗದೊಳಗೇ ನಡೆಯುತ್ತವೆ. 1896ರಲ್ಲಿ ಶುರುವಾದ 'ಬಿಗ್ ಟೆನ್' ಇವುಗಳಲ್ಲಿ ಹಳೆಯದು. ಹೆಸರಿನಲ್ಲಿ ಹತ್ತು ಇದ್ದರೂ 2024ರಿಂದ ಅದರಲ್ಲಿರೋದು 18 ವಿಶ್ವವಿದ್ಯಾಲಯಗಳು!

ಅವು ಯಾಕೆ ಬದಲಿಸ್ತವೆ?

ಒಂದೇ ಮಾತಿನಲ್ಲಿ ಹೇಳೋದಾದ್ರೆ, ಟಿವಿ ದುಡ್ಡು. ಮೊದಲು ಕಾಲೇಜು ಪಂದ್ಯಗಳ ಪ್ರಸಾರವನ್ನು ಎನ್‌ಸಿಎಎ ಎಂಬ ಕೇಂದ್ರ ಸಂಸ್ಥೆ ಹಿಡಿತದಲ್ಲಿ ಇಟ್ಟುಕೊಂಡಿತ್ತು. 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಹಿಡಿತ ಸರಿಯಲ್ಲ ಎಂದಿತು. ಅಲ್ಲಿಂದ ಬಳಗಗಳೇ ಚಾನೆಲ್‌ಗಳ ಜೊತೆ ಚೌಕಾಶಿಗೆ ಕೂತವು. ದೊಡ್ಡ ಹೆಸರಿನ ತಂಡಗಳಿದ್ದಷ್ಟೂ ದೊಡ್ಡ ಒಪ್ಪಂದ. 2022ರಲ್ಲಿ ಬಿಗ್ ಟೆನ್ ಮಾಡಿಕೊಂಡ ಏಳು ವರ್ಷದ ಒಪ್ಪಂದದ ಮೊತ್ತ 700 ಕೋಟಿ ಡಾಲರ್‌ಗೂ ಹೆಚ್ಚು.

ಹಾಗಾಗಿ ಗುಳೆ ಶುರುವಾಯ್ತು. ಟೆಕ್ಸಸ್ ಮತ್ತು ಒಕ್ಲಹೋಮ 'ಬಿಗ್ 12' ಬಿಟ್ಟು 2024ರಲ್ಲಿ 'ಎಸ್‌ಇಸಿ' ಸೇರಿದವು. ಒಂದು ವರ್ಷ ಮೊದಲೇ ಹೊರಬರೋದಕ್ಕೆ ಇಬ್ಬರೂ ಸೇರಿ ತೆತ್ತ ಬೆಲೆ 10 ಕೋಟಿ ಡಾಲರ್. ಲಾಸ್ ಏಂಜಲಿಸ್‌ನ ಯುಎಸ್‌ಸಿ, ಯುಸಿಎಲ್‌ಎ ಎರಡೂ ಬಿಗ್ ಟೆನ್‌ಗೆ ಹೋದವು. ಪಶ್ಚಿಮ ಕರಾವಳಿಯ 'ಪ್ಯಾಕ್ 12' ಬಳಗದಿಂದ ಹತ್ತು ಸದಸ್ಯರು ಎದ್ದು ಹೋಗಿ ಉಳಿದದ್ದು ಎರಡೇ. ಪೆಸಿಫಿಕ್ ದಂಡೆಯ ಸ್ಟ್ಯಾನ್‌ಫರ್ಡ್ ಈಗ ಆಡೋದು ಅಟ್ಲಾಂಟಿಕ್ ಕರಾವಳಿಯ ಬಳಗದಲ್ಲಿ!

ಇದರ ಭಾರ ಬಿದ್ದದ್ದು ಯಾರ ಮೇಲೆ? ಫುಟ್‌ಬಾಲ್ ತಂಡ ವಾರಕ್ಕೊಂದೇ ಪಂದ್ಯ ಆಡುತ್ತೆ. ಆದರೆ ಅದೇ ವಿಶ್ವವಿದ್ಯಾಲಯದ ವಾಲಿಬಾಲ್ ಹುಡುಗಿಯರೂ ಅದೇ ಬಳಗದಲ್ಲಿ, ವಾರದ ನಡುವೆಯೂ ಆಡಬೇಕು. ಲಾಸ್ ಏಂಜಲಿಸ್‌ನಿಂದ ನ್ಯೂಜೆರ್ಸಿಯ ರಟ್ಗರ್ಸ್ ಸುಮಾರು 4,000 ಕಿ.ಮೀ. ದೂರ. ತರಗತಿ ತಪ್ಪೋದು ಅವರದ್ದು, ಒಪ್ಪಂದದ ಸಹಿ ಬೇರೆಯವರದ್ದು.

ನಮ್ಮಲ್ಲಿ ಬಳಗ ಯಾವುದು?

ನಮ್ಮಲ್ಲಿ ಕಾನ್ಫರೆನ್ಸ್ ಇಲ್ಲ, ಅಫಿಲಿಯೇಶನ್ ಇದೆ. ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆಯೋ ಅದರ ಅಂತರ ಕಾಲೇಜು ಟೂರ್ನಿಯಲ್ಲೇ ಆಡಬೇಕು. ಅಲ್ಲಿ ಮಿಂಚಿದವರು ವಿಶ್ವವಿದ್ಯಾಲಯ ತಂಡಕ್ಕೆ ಆಯ್ಕೆಯಾಗಿ 'ಯೂನಿವರ್ಸಿಟಿ ಬ್ಲೂ' ಆಗ್ತಾರೆ. ಆ ತಂಡ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಅಂತರ ವಿಶ್ವವಿದ್ಯಾಲಯ ಟೂರ್ನಿಗೆ ಹೋಗುತ್ತದೆ. ಆ ಮಟ್ಟದ ಸರ್ಟಿಫಿಕೇಟ್‌ಗೆ ಕ್ರೀಡಾ ಕೋಟಾದ ಕೇಂದ್ರ ಸರ್ಕಾರಿ ನೇಮಕಾತಿಯಲ್ಲಿ ಬೆಲೆ ಇದೆ. ಹಳ್ಳಿ ಹುಡುಗನಿಗೆ ಅದು ಬರೀ ಕಾಗದ ಅಲ್ಲ.

ಹಾವೇರಿ ಜಿಲ್ಲೆಯನ್ನೇ ನೋಡಿ. ಹೊಸರಿತ್ತಿಯವರೇ ಆದ ಗುದ್ಲೆಪ್ಪ ಹಳ್ಳಿಕೇರಿ ಅವರ ಹೆಸರಿನ ಕಾಲೇಜು ಹಾವೇರಿಯಲ್ಲಿದೆ. ಅಂಥ ಪದವಿ ಕಾಲೇಜುಗಳದ್ದು ಒಂದು ಬಳಗ. ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ವಿಟಿಯುಗೆ, ಹನುಮನಮಟ್ಟಿಯ ಕೃಷಿ ಕಾಲೇಜು ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ, ಹಾವೇರಿಯ ವೈದ್ಯಕೀಯ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯಕ್ಕೆ ಸೇರಿವೆ. ಒಂದೇ ಬಸ್‌ಸ್ಟ್ಯಾಂಡ್‌ನಲ್ಲಿ ನಿಂತ ನಾಲ್ವರು ಗೆಳೆಯರು ನಾಲ್ಕು ಬೇರೆ ಬಳಗದವರು.

ಇಲ್ಲಿ ಬಳಗ ಬದಲಾಗೋದು ಹೇಗೆ?

ಸರ್ಕಾರದ ಕಾಯ್ದೆಯಿಂದ. 1998ರಲ್ಲಿ ವಿಟಿಯು ಬಂದಾಗ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳು ಹಳೆಯ ವಿಶ್ವವಿದ್ಯಾಲಯಗಳಿಂದ ಎದ್ದು ಅಲ್ಲಿಗೆ ಹೋದವು. ನಾನು ಎಂಜಿನಿಯರಿಂಗ್ ಓದುವಾಗ ಇದೆಲ್ಲ ತಲೆಗೇ ಹೋಗಿರಲಿಲ್ಲ ಬಿಡಿ. ಹುಬ್ಬಳ್ಳಿಯ ಬಿವಿಬಿ ಕಾಲೇಜಂತೂ ಕರ್ನಾಟಕ ವಿಶ್ವವಿದ್ಯಾಲಯದಿಂದ ವಿಟಿಯುಗೆ ಹೋಗಿ, ಕೊನೆಗೆ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ ಅಂತ ತಾನೇ ಒಂದು ಬಳಗವಾಯ್ತು. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂದಾಗ ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಕಾಲೇಜುಗಳು ಧಾರವಾಡದಿಂದ ಬೇರೆಯಾದವು. ಕುಸ್ತಿಗೆ ಹೆಸರಾದ ನೆಲ ಅದು.

ಹಾವೇರಿ ಸರದಿ ಬಂದದ್ದು 2022ರ ತಿದ್ದುಪಡಿ ಕಾಯ್ದೆಯಿಂದ. ಚಾಮರಾಜನಗರ, ಬೀದರ್, ಹಾಸನ, ಕೊಡಗು, ಕೊಪ್ಪಳ, ಬಾಗಲಕೋಟೆ ಜೊತೆಗೆ ಹಾವೇರಿಗೂ ವಿಶ್ವವಿದ್ಯಾಲಯ ಸಿಕ್ಕಿತು. ಕೆರಿಮತ್ತಿಹಳ್ಳಿಯಲ್ಲಿದ್ದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವೇ ಹೊಸ ವಿಶ್ವವಿದ್ಯಾಲಯದ ನೆಲೆ. ಏಳಕ್ಕೂ ತಲಾ 2 ಕೋಟಿ ರೂಪಾಯಿ ಅಂತ ಲೆಕ್ಕ ಹಾಕಲಾಗಿತ್ತು. ಆ ದುಡ್ಡಲ್ಲಿ ಪರೀಕ್ಷೆ ನಡೆಸಬೇಕೋ, ಕ್ರೀಡಾಂಗಣ ಕಟ್ಟಬೇಕೋ?

ಆಟಗಾರನಿಗೆ ಲಾಭವೋ, ನಷ್ಟವೋ?

ಎರಡೂ. ಬಳಗ ಚಿಕ್ಕದಾದರೆ ತಂಡದಲ್ಲಿ ಜಾಗ ಸಿಗೋದು ಸುಲಭ. ಮೊದಲು ನಾಲ್ಕು ಜಿಲ್ಲೆಯವರ ಜೊತೆ ಪೈಪೋಟಿ ಮಾಡಬೇಕಿದ್ದವನಿಗೆ ಈಗ ಒಂದು ಜಿಲ್ಲೆಯವರು ಸಾಕು. ಆಯ್ಕೆಗೆ ಧಾರವಾಡಕ್ಕೆ ನೂರು ಕಿ.ಮೀ. ಆಸುಪಾಸು ಹೋಗಬೇಕಾಗಿಲ್ಲ. ಬ್ಲೂ ಆಗುವ ಹುಡುಗ ಹುಡುಗಿಯರ ಸಂಖ್ಯೆ ಹೆಚ್ಚುತ್ತೆ.

ಆದ್ರೆ ಗಟ್ಟಿ ಎದುರಾಳಿ ಇಲ್ಲದೆ ಆಟ ಗಟ್ಟಿಯಾಗಲ್ಲ. 1949ರಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯದ ದಶಕಗಳ ಕ್ರೀಡಾ ವ್ಯವಸ್ಥೆಯನ್ನು ಹೊಸ ವಿಶ್ವವಿದ್ಯಾಲಯ ಎರಡು ವರ್ಷದಲ್ಲಿ ಕಟ್ಟೋದು ಆಗದ ಮಾತು. ಊರಲ್ಲಿ ಸುಲಭವಾಗಿ ಗೆದ್ದ ತಂಡ ಹೊರಗೆ ಮೊದಲ ಸುತ್ತಿನಲ್ಲೇ ಸೋತು ಬರುವ ಅಪಾಯ ಇದೆ.

ಮತ್ತೆ ವಾಪಸ್ ಹೋಗಬೇಕಾ?

2025ರ ಫೆಬ್ರುವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಚಿವ ಸಂಪುಟ ಉಪಸಮಿತಿ, ಹಣಕಾಸಿನ ಕಾರಣ ಕೊಟ್ಟು ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತೆತ್ತಿತು. ಆ ಪಟ್ಟಿಯಲ್ಲಿ ಹಾವೇರಿಯೂ ಇತ್ತು. ಆಗ ಪರ ವಿರೋಧದ ಚರ್ಚೆ ನಡೆದದ್ದು ಪದವಿ ಪ್ರಮಾಣಪತ್ರ, ಸಿಬ್ಬಂದಿ, ಅನುದಾನದ ಸುತ್ತಲೇ. ಆಟದ ಮೈದಾನದ ಮಾತು ಯಾರಿಗೂ ಮುಖ್ಯ ಅನ್ನಿಸಲಿಲ್ಲ.

ಡಿಗ್ರಿ ಓದುವ ಆಟಗಾರನಿಗೆ ಸಿಗೋದು ಸಾಮಾನ್ಯವಾಗಿ ಮೂರು ಸೀಸನ್. ವಿಶ್ವವಿದ್ಯಾಲಯ ಬದಲಾಗುವ ಗೊಂದಲದಲ್ಲಿ ಒಂದು ಆಯ್ಕೆ ಪ್ರಕ್ರಿಯೆ ತಪ್ಪಿದರೆ ಅವನ ಮೂರರಲ್ಲಿ ಒಂದು ಪಾಲು ಹೋಯ್ತು. ಅಮೆರಿಕದಲ್ಲಿ ಬಳಗ ಬಿಡೋಕೆ ದಂಡ, ನೋಟಿಸ್ ಅವಧಿ, ಮುಂಚಿತ ವೇಳಾಪಟ್ಟಿಯಾದರೂ ಇದೆ. ಇಲ್ಲಿಯೂ ಅಷ್ಟು ಮುಂಗಡ ತಯಾರಿ ಕೇಳೋದರಲ್ಲಿ ತಪ್ಪಿಲ್ಲ. ವಿಶ್ವವಿದ್ಯಾಲಯ ಉಳಿಸಲಿ, ವಿಲೀನ ಮಾಡಲಿ, ಆದೇಶದಲ್ಲಿ ಮೂರು ಸಾಲು ಸೇರಿಸಲಿ: ಈ ವರ್ಷದ ತಂಡ ಆಯ್ಕೆ ಯಾರದ್ದು, ಖರ್ಚು ಯಾರದ್ದು, ಈಗಾಗಲೇ ಆಡಿದವರ ಸರ್ಟಿಫಿಕೇಟ್‌ಗೆ ಮುಂದೆ ಜವಾಬ್ದಾರಿ ಯಾರದ್ದು.

ಹೊಸರಿತ್ತಿಯ ಹುಡುಗ ಧಾರವಾಡದ ಪರವಾಗಿ ಬೇಕಾದರೂ ಆಡ್ತಾನೆ, ಹಾವೇರಿ ಪರವಾಗಿ ಬೇಕಾದರೂ ಆಡ್ತಾನೆ. ಯಾರ ಪರ ಅನ್ನೋದು ಸೀಸನ್ ಶುರುವಾಗೋ ಮೊದಲೇ ಅವನಿಗೆ ಗೊತ್ತಾಗಬೇಕು, ಅಷ್ಟೇ.